ಸ್ಲೈಡ್ ಪದ್ಯ, ಮಾತು ಅರ್ಥ

ಪ್ರಶ್ನೆ: ಅಕ್ಕಾ, ನಮ್ಮ ಮನೆ ಬದಿಯಡ್ಕದ ಹತ್ತಿರ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಈಗ ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಬರೆಯಲೂ ಬರುತ್ತದೆ. ಕಳೆದ ತಿಂಗಳು ಅಡಿಕೆಯ ಕೊಳೆರೋಗದ ಬಗ್ಗೆ ಹತ್ತು ನಿಮಿಷದ ಸೆಮಿನಾರ್ ಇತ್ತು. ಪೂರ್ತಿ ಬಾಯಿಪಾಠ ಮಾಡಿ ಹೋಗಿದ್ದೆ. ಮಧ್ಯದಲ್ಲಿ ಸರ್ ಒಂದು ಪ್ರಶ್ನೆ ಕೇಳಿದ್ದೇ ತಡ, ಮುಂದಿನದು ಒಂದೂ ನೆನಪಾಗಲಿಲ್ಲ. ಡಿಸೆಂಬರಿನಲ್ಲಿ ಇದೇ ವಿಷಯದ ಪ್ರಾಜೆಕ್ಟ್ ಪ್ರೆಸೆಂಟೇಶನ್ ಇದೆ. ಏನು ಮಾಡಲಿ?
ಒಬ್ಬ ವಿದ್ಯಾರ್ಥಿನಿ, ಕಾಸರಗೋಡು

ಉತ್ತರ: ತಂಗೀ, ನಿಮಗೆ ಇಂಗ್ಲಿಷ್ ಕೈಕೊಟ್ಟಿಲ್ಲ, ಬಾಯಿಪಾಠ ಕೈಕೊಟ್ಟಿದೆ. ಬಾಯಿಪಾಠದಲ್ಲಿ ಒಂದು ಸಾಲು ತಪ್ಪಿದರೆ ಅದರ ಮುಂದಿನದೆಲ್ಲ ಹೋಯಿತು.

ಊರಿನಲ್ಲಿ ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿದ್ದೀರಿ ಅಲ್ವಾ? ಅದರಲ್ಲಿ ಪಾತ್ರದ ಮಾತು, ಅಂದರೆ 'ಅರ್ಥ', ಹೇಳುವ ಅರ್ಥಧಾರಿಗೆ ಪ್ರಸಂಗದ ಕಥೆ ಗೊತ್ತು, ಭಾಗವತರು ಹಾಡುವ ಪದ್ಯ ಗೊತ್ತು. ಎದುರು ಕೂತ ಕೃಷ್ಣನ ಪಾತ್ರಧಾರಿ ಯಾವ ಮಾತು ಎತ್ತುತ್ತಾನೆ ಎನ್ನುವುದು ಮಾತ್ರ ಗೊತ್ತಿಲ್ಲ. ಆದರೂ ಬರೆದಿಟ್ಟ ಮಾತಿಲ್ಲದೆ ವಾದ ಗಂಟೆಗಟ್ಟಲೆ ನಡೆಯುತ್ತದೆ, ಯಾಕೆಂದರೆ ಪ್ರಸಂಗ ಗಟ್ಟಿಯಾಗಿದೆ. ನಿಮ್ಮ ಸ್ಲೈಡನ್ನು ಪದ್ಯ ಅಂದುಕೊಳ್ಳಿ, ನೀವು ಹೇಳುವುದು ಅರ್ಥ. ಹತ್ತು ನಿಮಿಷಕ್ಕೆ ಆರೇಳು ಸ್ಲೈಡ್ ಸಾಕು, ಒಂದರಲ್ಲಿ ಕೊಳೆತ ಅಡಿಕೆಯ ಫೋಟೋ ಮತ್ತು ಒಂದೇ ಸಾಲು. ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಮಾತ್ರ ಬರೆದು ಕಲಿಯಿರಿ. ಉಳಿದದ್ದನ್ನು ಪ್ರತಿ ಸಲ ಬೇರೆ ಬೇರೆ ಮಾತಿನಲ್ಲಿ ಹೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ನಿಮಿಷಕ್ಕೆ 120-130 ಪದ ದಾಟಿದರೆ ಓಡುತ್ತಿದ್ದೀರಿ ಅಂತ ಅರ್ಥ.

ಇನ್ನು ಉಚ್ಚಾರ. ಸುಮ್ನೆ ಬೇರೆಯವರ ಧಾಟಿ ಅನುಕರಿಸಬೇಡಿ, ಒತ್ತು ಕಲಿಯಿರಿ. ಕನ್ನಡದಲ್ಲಿ ನಾವು ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಸಮನಾಗಿ ತೂಕ ಕೊಡುತ್ತೇವೆ, ಇಂಗ್ಲಿಷಿನಲ್ಲಿ ಒಂದು ಕಡೆ ಜಾಸ್ತಿ ಬೀಳುತ್ತದೆ, ಅದು ತಪ್ಪಿದರೆ ಕೇಳುವವರಿಗೆ ಪದವೇ ಸಿಗುವುದಿಲ್ಲ. 'ಅನಾಲಿಸಿಸ್'ನಲ್ಲಿ ಒತ್ತು 'ನಾ' ಮೇಲೆ, 'ಅನಲಿಟಿಕಲ್'ನಲ್ಲಿ 'ಲಿ' ಮೇಲೆ. ನಿಮ್ಮ ರೋಗಾಣು 'ಫೈಟಾಫ್ತೊರಾ'ದಲ್ಲಿ 'ಟಾಫ್' ಮೇಲೆ. ನಿಮ್ಮ ವಿಷಯದ ಇಪ್ಪತ್ತು ಮೂವತ್ತು ಪದಗಳನ್ನು ಆನ್‌ಲೈನ್ ಡಿಕ್ಷನರಿಯಲ್ಲಿ ಕೇಳಿ, ಒತ್ತು ಬೀಳುವ ಅಕ್ಷರದ ಕೆಳಗೆ ಗೆರೆ ಎಳೆದಿಟ್ಟುಕೊಳ್ಳಿ.

ಪ್ರಶ್ನೆ ಬಂದಾಗ ತಕ್ಷಣ ಉತ್ತರಕ್ಕೆ ಹಾರಬೇಡಿ. 'ಸೋ ಯು ಆರ್ ಆಸ್ಕಿಂಗ್ ವೈ...' ಎಂದು ಅವರ ಪ್ರಶ್ನೆಯನ್ನೇ ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ. ಯೋಚಿಸಲು ಸಮಯ ಸಿಗುತ್ತದೆ, ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ ಅವರೇ ತಿದ್ದುತ್ತಾರೆ. ಮಾಡದ ಕೆಲಸದ ಬಗ್ಗೆ ಕೇಳಿದರೆ 'ಐ ಹ್ಯಾವ್ ನಾಟ್ ಟೆಸ್ಟೆಡ್ ದಟ್' ಎನ್ನಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಒಂದು ಸಂಗತಿ ನನಗೆ ಬಹಳ ಇಷ್ಟ. 1910ರಲ್ಲಿ ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬಗ್ಗೆ ಇಂಗ್ಲಿಷಿನಲ್ಲಿ ಬರೆದಾಗ 'ಕೊಳೆರೋಗ' ಎಂಬ ನಮ್ಮ ಪದವನ್ನೇ ಇಟ್ಟುಕೊಂಡರು. ಇವತ್ತಿಗೂ ಇಂಗ್ಲಿಷ್ ಪ್ರಬಂಧಗಳಲ್ಲಿ ಆ ಹೆಸರಿದೆ. ನೀವು ಅಲ್ಲಿಂದಲೇ ಶುರು ಮಾಡಿ. ಆ ಪದವನ್ನು ಇಡೀ ಕ್ಲಾಸಿನಲ್ಲಿ ನಿಮ್ಮಷ್ಟು ಸರಿಯಾಗಿ ಹೇಳುವವರು ಎಷ್ಟು ಜನ ಇದ್ದಾರು?

ಡಿಸೆಂಬರಿಗೆ ಮೊದಲು ಒಂದು ದಿನ ಇಡೀ ವಿಷಯವನ್ನು ಮನೆಯಲ್ಲಿ ಕನ್ನಡದಲ್ಲೇ ಹೇಳಿ. ಮಳೆ ಹಿಡಿಯುವ ಮೊದಲೇ ಗೊನೆಗೆ ಬೋರ್ಡೋ ಮದ್ದು (ಮೈಲುತುತ್ತು, ಸುಣ್ಣದ ದ್ರಾವಣ) ಬಿಡುವುದು ಯಾಕೆ, ಮಳೆಯ ಮಧ್ಯೆ ಮತ್ತೆ ಬಿಡುವುದು ಯಾಕೆ ಎಂದು ತೋಟ ಬಲ್ಲವರು ತಡೆದು ಕೇಳಿಯೇ ಕೇಳುತ್ತಾರೆ. ಅವರು ತಡೆದ ಜಾಗಕ್ಕೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ, ನಿಮ್ಮ ಸರ್ ಕೇಳುವುದೂ ಹೆಚ್ಚಾಗಿ ಅಲ್ಲಿಯೇ.