ಮಗುವನ್ನು ಅಳಿಸಿದ ಚಿತ್ರಕ್ಕೇ ಮೊದಲ ಸ್ಥಾನ ಯಾಕೆ?

*ಓದುಗರ ಪತ್ರ:* ಡಿಸೆಂಬರ್ ಸಂಚಿಕೆಯಲ್ಲಿ ನೀವು ಕೊಟ್ಟಿದ್ದ ಹಳೆಯ ಕ್ರಿಸ್‌ಮಸ್ ಕಾರ್ಟೂನ್‌ಗಳ ಪಟ್ಟಿ ನೋಡಿ, ಮಗಳಿಗೆ ಮೊದಲು ‘ದಿ ಸ್ನೋಮ್ಯಾನ್’ ಹಾಕಿದೆವು. ಕೊನೆಯಲ್ಲಿ ಹಿಮದ ಬೊಂಬೆ ಕರಗಿದ್ದು ನೋಡಿ ಬಿಕ್ಕಿ ಬಿಕ್ಕಿ ಅತ್ತಳು. ರಾತ್ರಿ ಊಟವನ್ನೂ ಸರಿಯಾಗಿ ಮಾಡಲಿಲ್ಲ. ಆರು ವರ್ಷದ ಮಗು ಸಾರ್. ಮಾರನೇ ದಿನ ‘ಫ್ರಾಸ್ಟಿ’ ಹಾಕಿದ ಮೇಲೆ ನಕ್ಕಳು. ಅದನ್ನು ನೀವು ಕಟ್ಟಕಡೆಗೆ ತಳ್ಳಿದ್ದೀರಿ. ಅವಳ ಕ್ಲಾಸಿನ ಮಕ್ಕಳಿಗೆಲ್ಲ ರುಡಾಲ್ಫ್ ಅಂದರೆ ಪ್ರಾಣ, ಅದಕ್ಕೆ ನಾಲ್ಕನೇ ಸ್ಥಾನ! ಯಾವ ಲೆಕ್ಕದಲ್ಲಿ ಈ ಪಟ್ಟಿ ಮಾಡಿದಿರಿ? ಹಾಗೇ ಇವೆಲ್ಲ ಎಲ್ಲಿ ಸಿಗುತ್ತವೆ ಅಂತಾನೂ ತಿಳಿಸಿ.
— ಓದುಗರೊಬ್ಬರು, ನ್ಯೂಜೆರ್ಸಿ

*ಸಂಪಾದಕರ ಉತ್ತರ:*

ನಮಸ್ಕಾರ. ಮಗು ಊಟ ಬಿಟ್ಟಳು ಅಂತ ಓದಿ ಬೇಜಾರಾಯಿತು. ಆದರೂ ಪಟ್ಟಿ ಬದಲಾಯಿಸುವುದಿಲ್ಲ. ಜಗಳಕ್ಕೆ ನಿಂತಿದ್ದೇನೆ ಅಂದುಕೊಳ್ಳಬೇಡಿ, ಲೆಕ್ಕ ಕೇಳಿದ್ದೀರಲ್ಲ, ಹೇಳುತ್ತೇನೆ.

ಆ ಸಂಚಿಕೆ ನೋಡದವರಿಗಾಗಿ ನನ್ನ ಕ್ರಮ ಇದು: ಮೊದಲು ‘ದಿ ಸ್ನೋಮ್ಯಾನ್’, ಆಮೇಲೆ ‘ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್’, ಮೂರನೆಯದು ‘ಗ್ರಿಂಚ್’, ನಾಲ್ಕು ‘ರುಡಾಲ್ಫ್’, ಐದು ರಿಚರ್ಡ್ ವಿಲಿಯಮ್ಸ್ ಮಾಡಿದ ‘ಎ ಕ್ರಿಸ್‌ಮಸ್ ಕ್ಯಾರಲ್’, ಆರು ‘ದಿ ಇಯರ್ ವಿದೌಟ್ ಎ ಸಾಂಟಾ ಕ್ಲಾಸ್’, ಏಳು ‘ಫ್ರಾಸ್ಟಿ’. ಎಲ್ಲವೂ ಟೀವಿಗೆಂದೇ ಮಾಡಿದವು. ಹೆಚ್ಚಿನವು ಅರ್ಧ ಗಂಟೆಯವು, ಜಾಹೀರಾತು ತೆಗೆದರೆ ಇಪ್ಪತ್ತೈದು ನಿಮಿಷ. ವಿಸಿಆರ್ ಇಲ್ಲದ ಕಾಲದಲ್ಲಿ ಇವನ್ನು ವರ್ಷಕ್ಕೊಮ್ಮೆ ಹಾಕುತ್ತಿದ್ದರು. ಆ ಸಂಜೆ ತಪ್ಪಿಸಿಕೊಂಡರೆ ಮುಂದಿನ ಡಿಸೆಂಬರ್‌ವರೆಗೆ ಕಾಯಬೇಕು. ಅಮೆರಿಕದ ಒಂದು ತಲೆಮಾರಿಗೆ ಇವು ಹಬ್ಬದ ಭಾಗವೇ ಆಗಿಹೋಗಿದ್ದು ಹೀಗೆ.

ನಾನು ಇಟ್ಟುಕೊಂಡ ಅಳತೆ ಒಂದೇ. ಈ ಏಳರಲ್ಲೂ ಒಂದು ಬೇಜಾರಿನ ಗಳಿಗೆ ಬರುತ್ತದೆ. ಯಾರೋ ಒಂಟಿಯಾಗುತ್ತಾರೆ, ಏನೋ ಕಳೆದುಹೋಗುತ್ತದೆ. ಆಗ ಚಿತ್ರ ಏನು ಮಾಡುತ್ತದೆ? ಮಗುವಿನ ಜೊತೆ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತದೋ, ಇಲ್ಲಾ ಗಾಬರಿಬಿದ್ದು ಕೈಗೆ ಚಾಕಲೇಟ್ ತುರುಕುತ್ತದೋ? ನಾನು ನೋಡಿದ್ದು ಇಷ್ಟನ್ನೇ. ಹಾಡು, ಚಿತ್ರ, ತಮಾಷೆ ಎಲ್ಲ ಆಮೇಲೆ.

ನೀವೇ ಒಂದಾದ ಮೇಲೊಂದು ತೋರಿಸಿದ ಎರಡನ್ನೇ ತೆಗೆದುಕೊಳ್ಳಿ. ಎರಡರಲ್ಲೂ ಹಿಮದ ಬೊಂಬೆಗೆ ಜೀವ ಬರುತ್ತದೆ, ಎರಡರಲ್ಲೂ ಕರಗುತ್ತದೆ. 1969ರ ‘ಫ್ರಾಸ್ಟಿ’ಯಲ್ಲಿ ಬೊಂಬೆ ಗಾಜಿನ ಮನೆಯೊಳಗೆ ಸಿಕ್ಕಿಹಾಕಿಕೊಂಡು ನೀರಾಗುತ್ತದೆ. ಕ್ಯಾರೆನ್ ಎಂಬ ಪುಟ್ಟ ಹುಡುಗಿ ಅಳುತ್ತಾಳೆ. ಅಳು ಶುರುವಾಗಿ ನಮಗೆ ತಟ್ಟುವ ಮೊದಲೇ ಸಾಂಟಾ ಹಾಜರ್. ಇದು ಕ್ರಿಸ್‌ಮಸ್ ಹಿಮ, ಪೂರ್ತಿ ಹೋಗುವಂಥದ್ದಲ್ಲ ಅಂತ ಸಮಾಧಾನ ಹೇಳಿ ಬಾಗಿಲು ತೆಗೆಯುತ್ತಾನೆ. ಚಳಿಗಾಳಿ ಬೀಸುತ್ತದೆ, ಫ್ರಾಸ್ಟಿ ಎದ್ದು ನಿಲ್ಲುತ್ತಾನೆ. ನಿಮ್ಮ ಮಗಳು ನಕ್ಕಿದ್ದು ಸಹಜವೇ. ಜಿಮ್ಮಿ ಡುರಾಂಟೆಯ ಒಡಕು ದನಿಯ ನಿರೂಪಣೆ ನನಗೂ ಇಷ್ಟ. ಚಿತ್ರ ಬರೆದದ್ದು ಜಪಾನಿನಲ್ಲಿ, ಒಸಾಮು ತೆಜುಕಾ ಕಟ್ಟಿದ ಮುಶಿ ಸ್ಟುಡಿಯೋದಲ್ಲಿ. ಆದರೆ ಕರಗಿದ್ದಕ್ಕೆ ಬೆಲೆಯೇ ಇಲ್ಲದಿದ್ದರೆ ಯಾಕೆ ಕರಗಿಸಬೇಕಿತ್ತು ಹೇಳಿ?

‘ದಿ ಸ್ನೋಮ್ಯಾನ್’ ಬ್ರಿಟನ್ನಿನದು. ಅಲ್ಲಿ ಚಾನೆಲ್ 4 ಶುರುವಾದದ್ದು 1982ರ ನವೆಂಬರ್‌ನಲ್ಲಿ. ಅದೇ ವರ್ಷ ಡಿಸೆಂಬರ್ 26ರಂದು ಈ ಚಿತ್ರ ಬಂತು. ನಿರ್ದೇಶಕಿ ಡಯಾನ್ ಜಾಕ್ಸನ್. ಮೂಲ ರೇಮಂಡ್ ಬ್ರಿಗ್ಸ್ ಅವರ 1978ರ ಚಿತ್ರಗಳ ಪುಸ್ತಕ, ಅದರಲ್ಲಿ ಒಂದೂ ಮಾತಿಲ್ಲ. ಅದಕ್ಕೆ ಮೊದಲು ಬ್ರಿಗ್ಸ್ ಕೊಚ್ಚೆ, ಲೋಳೆ ತುಂಬಿದ ಬೇರೊಂದು ಪುಸ್ತಕದಲ್ಲಿ ಮುಳುಗಿದ್ದರು. ಅದು ಮುಗಿದ ಮೇಲೆ ಏನಾದರೂ ಶುಭ್ರವಾದದ್ದು, ಮಾತಿಲ್ಲದ್ದು ಬೇಕು ಅನ್ನಿಸಿ ಇದನ್ನು ಬರೆದರಂತೆ. ಚಿತ್ರದಲ್ಲೂ ಶುರುವಿನ ನಾಲ್ಕು ಮಾತು ಬಿಟ್ಟರೆ ಸಂಭಾಷಣೆಯೇ ಇಲ್ಲ. ಹೊವರ್ಡ್ ಬ್ಲೇಕ್ ಅವರ ಸಂಗೀತ, ನಡುವೆ ಒಂದೇ ಒಂದು ಹಾಡು. ಪುಸ್ತಕದ ಬಳಪದ ಗೆರೆಯ ಹಾಗೇ ಕಾಣಲಿ ಅಂತ ಹಾಳೆಹಾಳೆಯನ್ನೂ ಕೈಯಲ್ಲೇ ಬಣ್ಣ ತೀಡಿದ್ದಾರೆ. ಗೆರೆ ಸ್ವಲ್ಪ ನಡುಗುತ್ತದೆ ನೋಡಿ, ಅದಕ್ಕೇ ಇಷ್ಟು ಜೀವ.

ಪುಸ್ತಕದಲ್ಲಿ ಕ್ರಿಸ್‌ಮಸ್ಸೂ ಇಲ್ಲ, ಸಾಂಟಾನೂ ಇಲ್ಲ. ಹುಡುಗ ಮತ್ತು ಬೊಂಬೆ ಬ್ರೈಟನ್ನಿನ ಕಡಲತೀರದವರೆಗೆ ಹಾರಿ ವಾಪಸ್ ಬರುತ್ತಾರೆ, ಅಷ್ಟೇ. ಉತ್ತರ ಧ್ರುವ, ಹಿಮದ ಬೊಂಬೆಗಳ ಕುಣಿತ, ಸಾಂಟಾ ಕೊಡುವ ಮಫ್ಲರ್ ಇವೆಲ್ಲ ಟೀವಿಯವರು ಸೇರಿಸಿದ್ದು. ಇಂಥ ಸೇರಿಕೆ ಸಾಮಾನ್ಯವಾಗಿ ಕಥೆಯನ್ನು ಕೆಡಿಸುತ್ತದೆ. ಇಲ್ಲಿ ಉಲ್ಟಾ ಆಯಿತು. ಬೆಳಗ್ಗೆ ಹುಡುಗ ಹೊರಗೆ ಓಡುತ್ತಾನೆ. ಬೊಂಬೆಯ ಜಾಗದಲ್ಲಿ ಹ್ಯಾಟು, ಒಂದಿಷ್ಟು ಹಿಮ. ಜೇಬಿಗೆ ಕೈ ಹಾಕಿದರೆ ಮಫ್ಲರ್ ಸಿಗುತ್ತದೆ. ಕನಸು ಅಂತ ತಳ್ಳಿಹಾಕುವ ಹಾಗಿಲ್ಲ. ಹುಡುಗ ಮಂಡಿಯೂರಿ ಕೂರುತ್ತಾನೆ, ಹೆಸರುಗಳು ಬರತೊಡಗುತ್ತವೆ. ಯಾರೂ ಬಂದು ಬಾಗಿಲು ತೆಗೆಯುವುದಿಲ್ಲ. ಬ್ರಿಗ್ಸ್ ಅವರ ತಂದೆ ತಾಯಿ ಇಬ್ಬರೂ 1971ರಲ್ಲಿ ತೀರಿಕೊಂಡಿದ್ದರು, ಹೆಂಡತಿ 1973ರಲ್ಲಿ. ಸುಖಾಂತ್ಯ ತನ್ನ ಜಾಯಮಾನವಲ್ಲ ಅಂತ ಆಮೇಲೆ ಒಂದು ಕಡೆ ಅವರೇ ಹೇಳಿದ್ದಾರೆ.

ನಿಮ್ಮ ಮಗಳು ಮಫ್ಲರ್ ಬಗ್ಗೆ ಏನಾದರೂ ಕೇಳಿದಳಾ? ಕೇಳಿದ್ದರೆ ನನಗೆ ಬರೆಯಿರಿ.

ಇನ್ನು ಎರಡನೆಯದು. ‘ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್’ 1965ರ ಡಿಸೆಂಬರ್ 9ರಂದು ಸಿಬಿಎಸ್‌ನಲ್ಲಿ ಬಂತು. ಹಬ್ಬ ಬಂದಿದೆ, ಆದರೆ ನನಗೆ ಖುಷಿಯಾಗುತ್ತಿಲ್ಲ ಅಂತ ಚಾರ್ಲಿ ಎಂಬ ಹುಡುಗ ಹೇಳುವುದರಿಂದ ಇಡೀ ಚಿತ್ರ ಶುರು. ಮಕ್ಕಳ ಕಾರ್ಯಕ್ರಮ ಹೀಗೂ ಶುರುವಾಗಬಹುದಾ ಅಂತ ಚಾನೆಲ್ಲಿನವರಿಗೇ ಅನ್ನಿಸಿರಬೇಕು. ಕಥೆ ಬರೆದ ಚಾರ್ಲ್ಸ್ ಶುಲ್ಜ್, ನಿರ್ಮಾಪಕ ಲೀ ಮೆಂಡೆಲ್ಸನ್, ನಿರ್ದೇಶಕ ಬಿಲ್ ಮೆಲೆಂಡೆಜ್ ಮೂವರೂ ಸೇರಿ ಆರೇ ತಿಂಗಳಲ್ಲಿ ಮುಗಿಸಿದರು. ಮಕ್ಕಳ ಪಾತ್ರಕ್ಕೆ ಮಕ್ಕಳದೇ ದನಿ. ಚಾರ್ಲಿಯ ತಂಗಿ ಸ್ಯಾಲಿಗೆ ದನಿ ಕೊಟ್ಟ ಹುಡುಗಿಗೆ ಓದಲೇ ಬರುತ್ತಿರಲಿಲ್ಲ, ಒಂದೊಂದೇ ತುಂಡು ಹೇಳಿಕೊಟ್ಟು ರೆಕಾರ್ಡ್ ಮಾಡಿದರು. ಅವಳ ಮಾತು ಅಲ್ಲಲ್ಲಿ ತಡವರಿಸುವುದು ಅದಕ್ಕೇ. ಹಿನ್ನೆಲೆಗೆ ವಿನ್ಸ್ ಗ್ವರಾಲ್ಡಿ ಅವರ ಜಾಸ್ ಪಿಯಾನೋ. ಆಗಿನ ಕಾರ್ಯಕ್ರಮಗಳಲ್ಲಿ ರೆಕಾರ್ಡ್ ಮಾಡಿದ ನಗು ಸೇರಿಸುವ ಚಾಳಿ ಇತ್ತು. ಶುಲ್ಜ್ ಬೇಡವೇ ಬೇಡ ಅಂದರು. ಚಾರ್ಲಿಯ ಗೆಳೆಯ ಲೈನಸ್ ವೇದಿಕೆಗೆ ಹೋಗಿ ಬೈಬಲ್ಲಿನ ಲೂಕನ ಸುವಾರ್ತೆಯ ಸಾಲುಗಳನ್ನು ಹೇಳುವುದಕ್ಕೂ ಜೊತೆಗಾರರು ಹಿಂದೆಮುಂದೆ ನೋಡಿದರು. ಶುಲ್ಜ್ ಬಿಡಲಿಲ್ಲ. ಪ್ರಸಾರಕ್ಕೆ ಮುಂಚೆ ನೋಡಿದ ಸಿಬಿಎಸ್ ಅಧಿಕಾರಿಗಳಿಗೆ ತೀರಾ ನಿಧಾನ ಅನ್ನಿಸಿತ್ತು. ಅಂದು ರಾತ್ರಿ ಟೀವಿ ನೋಡುತ್ತಿದ್ದವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಅದನ್ನೇ ನೋಡಿದರು. ಎಮ್ಮಿ ಪ್ರಶಸ್ತಿ ಬಂತು, ಪೀಬಡಿ ಪ್ರಶಸ್ತಿಯೂ ಬಂತು.

ಹಬ್ಬ ಬರೀ ವ್ಯಾಪಾರವಾಗಿದೆ ಅಂತ ಕೊರಗುವ ಈ ಚಿತ್ರಕ್ಕೆ ದುಡ್ಡು ಹಾಕಿದ್ದು ಕೋಕಾಕೋಲಾ. ಮೊದಲ ಪ್ರಸಾರದಲ್ಲಿ ಲೈನಸ್ ಹೋಗಿ ಕೋಕಾಕೋಲಾ ಬೋರ್ಡಿಗೇ ಬಡಿದುಕೊಳ್ಳುವ ದೃಶ್ಯ ಇತ್ತು! ಆಮೇಲೆ ಕತ್ತರಿಸಿದರು. ಜಾಹೀರಾತು ಹಾಕಿಕೊಂಡೇ ಪತ್ರಿಕೆ ನಡೆಸುವ ನಾನು ಇದರ ಬಗ್ಗೆ ಹೆಚ್ಚು ಮಾತಾಡದಿರುವುದು ಒಳ್ಳೆಯದು.

ಹಾಗಾದರೆ ಇದಕ್ಕೆ ಮೊದಲ ಸ್ಥಾನ ಯಾಕಿಲ್ಲ? ಕೊನೆಯ ಎರಡು ನಿಮಿಷದಿಂದ. ಚಾರ್ಲಿ ತಂದ ಒಣಕಲು ಗಿಡ ಒಂದೇ ಒಂದು ಅಲಂಕಾರದ ಭಾರಕ್ಕೆ ಬಾಗುತ್ತದೆ. ಅದನ್ನು ಕೊಂದುಬಿಟ್ಟೆ ಅಂದುಕೊಂಡು ಅವನು ಹೊರಟುಹೋಗುತ್ತಾನೆ. ಎಂಥ ಗಳಿಗೆ! ಆದರೆ ಮಿಕ್ಕ ಮಕ್ಕಳು ಬಂದು, ನಾಯಿ ಸ್ನೂಪಿಯ ಮನೆಯ ಅಲಂಕಾರ ಕಿತ್ತು ತಂದು, ಗಿಡದ ಸುತ್ತ ಕೈಯಾಡಿಸುತ್ತಾರೆ. ಕೈ ತೆಗೆದರೆ ಸೊಂಪಾದ ಮರ. ಇಷ್ಟು ಹೊತ್ತು ಅವನನ್ನು ಆಡಿಕೊಂಡವರಿಗೆ ಇಷ್ಟು ಬೇಗ ಬುದ್ಧಿ ಬಂತೇ ಅನ್ನಿಸುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸ, ಅಷ್ಟೇ.

‘ಗ್ರಿಂಚ್’ ಬಗ್ಗೆ ನೀವು ತಕರಾರು ತೆಗೆದಿಲ್ಲ, ಹಾಗಾಗಿ ಚುಟುಕಾಗಿ ಹೇಳುತ್ತೇನೆ. 1966ರದ್ದು, ಡಾಕ್ಟರ್ ಸೂಸ್ ಪುಸ್ತಕ, ಚಕ್ ಜೋನ್ಸ್ ನಿರ್ದೇಶನ. ಪುಸ್ತಕದಲ್ಲಿ ಗ್ರಿಂಚ್‌ಗೆ ಹಸಿರು ಬಣ್ಣ ಇಲ್ಲ, ಅದು ಜೋನ್ಸ್ ಹಚ್ಚಿದ್ದು. ಹಬ್ಬ ಕಂಡರಾಗದ ಗ್ರಿಂಚ್ ಊರಿನ ಹಬ್ಬದ ಸಾಮಾನನ್ನೆಲ್ಲ ಕದಿಯುತ್ತಾನೆ. ಆಮೇಲೆ ಉಡುಗೊರೆಯಿಲ್ಲ, ಊಟವಿಲ್ಲ. ಆದರೂ ಹೂವಿಲ್ ಊರಿನವರು ಕೈಕೈ ಹಿಡಿದು ಹಾಡುತ್ತಾರೆ. ಕಳೆದದ್ದು ವಾಪಸ್ ಬರುವ ಮೊದಲೇ ಹಾಡುತ್ತಾರೆ, ಗಮನಿಸಿ. ಮೂರನೇ ಸ್ಥಾನಕ್ಕೆ ಅದೊಂದೇ ಸಾಕು. ನಡುವೆ ಸ್ಲೆಡ್ ಜಾರುವ ಭಾಗ ಸ್ವಲ್ಪ ಎಳೆದಂತಿದೆ, ಪುಟ್ಟ ಪುಸ್ತಕವನ್ನು ಅರ್ಧ ಗಂಟೆಗೆ ಹಿಗ್ಗಿಸಬೇಕಿತ್ತಲ್ಲ. ಆದರೆ ಆ ಹಿಗ್ಗಿಸುವಿಕೆಯಲ್ಲೇ ಮ್ಯಾಕ್ಸ್ ಎಂಬ ನಾಯಿಗೆ ಒಳ್ಳೆಯ ಪಾತ್ರ ಸಿಕ್ಕಿತು. ಗ್ರಿಂಚ್‌ನನ್ನು ಬೈಯುವ ಆ ಪ್ರಸಿದ್ಧ ಹಾಡನ್ನು ಹಾಡಿದವರು ಥರ್ಲ್ ರೇವನ್ಸ್‌ಕ್ರಾಫ್ಟ್. ಅವರ ಹೆಸರು ಚಿತ್ರದ ಕಲಾವಿದರ ಪಟ್ಟಿಯಲ್ಲಿ ಬಿಟ್ಟುಹೋಯಿತು, ಜನ ನಿರೂಪಕ ಬೋರಿಸ್ ಕಾರ್ಲಾಫ್ ಅವರೇ ಹಾಡಿದ್ದು ಅಂದುಕೊಂಡರು. ‘ಸ್ನೋಮ್ಯಾನ್’ನಲ್ಲೂ ಇದೇ ಕಥೆ. ಹಾಡಿದ ಹುಡುಗ ಪೀಟರ್ ಆಟಿ, ಹೆಸರು ಹಾಕಲಿಲ್ಲ. ಮೂರು ವರ್ಷದ ನಂತರ ಅದೇ ಹಾಡು ಹಾಡಿ ಹೆಸರಾದವನು ಆಲೆಡ್ ಜೋನ್ಸ್. ಹೆಸರು ಬಿಟ್ಟುಹೋಯಿತು ಅಂತ ಲೇಖಕರಿಂದ ಬೈಸಿಕೊಳ್ಳುವ ಕೆಲಸದಲ್ಲಿರುವುದರಿಂದ ಇಂಥವು ನನ್ನ ಕಣ್ಣಿಗೆ ಬೇಗ ಬೀಳುತ್ತವೆ.

ಈಗ ರುಡಾಲ್ಫ್. ಕೋಪ ನಿಮಗೆ ಜಾಸ್ತಿ ಇರುವುದು ಇಲ್ಲೇ ಅಲ್ವಾ?

ಹೊಳೆಯುವ ಕೆಂಪು ಮೂಗಿನ ಈ ಹಿಮಸಾರಂಗ ಹುಟ್ಟಿದ್ದು 1939ರಲ್ಲಿ, ಷಿಕಾಗೋದ ಮಾಂಟ್ಗೊಮರಿ ವಾರ್ಡ್ ಎಂಬ ದೊಡ್ಡ ಅಂಗಡಿಗೆ. ಗಿರಾಕಿಗಳಿಗೆ ಪುಕ್ಕಟೆ ಹಂಚಲು ಒಂದು ಪುಸ್ತಕ ಬರೆ ಅಂತ ಜಾಹೀರಾತು ವಿಭಾಗದ ರಾಬರ್ಟ್ ಮೇಗೆ ಹೇಳಿದರು. ಆ ವರ್ಷವೇ ಅವರ ಹೆಂಡತಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಪುಸ್ತಕದ 24 ಲಕ್ಷ ಪ್ರತಿ ಹಂಚಿಹೋಯಿತು. ಹಾಡು ಬರೆದದ್ದು ಮೇ ಅವರ ಸಂಬಂಧಿ ಜಾನಿ ಮಾರ್ಕ್ಸ್. ಟೀವಿಗೆ ಬಂದದ್ದು 1964ರ ಡಿಸೆಂಬರ್ 6ರಂದು, ಎನ್‌ಬಿಸಿಯಲ್ಲಿ. ಬೊಂಬೆಗಳನ್ನು ಚೂರುಚೂರೇ ಸರಿಸಿ ಫ್ರೇಮ್ ಫ್ರೇಮ್ ಚಿತ್ರ ತೆಗೆದದ್ದು ಟೋಕಿಯೋದಲ್ಲಿ, ಟಡಾಹಿಟೊ ಮೊಚಿನಾಗ ಅವರ ಸ್ಟುಡಿಯೋದಲ್ಲಿ. ಅಲ್ಲಿಂದ ಇಲ್ಲಿವರೆಗೆ ಒಂದು ವರ್ಷವೂ ಪ್ರಸಾರ ತಪ್ಪಿಲ್ಲ.

ನನ್ನ ತಕರಾರು ರುಡಾಲ್ಫ್‌ನ ಊರಿನವರ ಬಗ್ಗೆ. ಅಪ್ಪನೇ ಮಗನ ಮೂಗಿಗೆ ಕೆಸರು ಮೆತ್ತುತ್ತಾನೆ. ಮೇಷ್ಟ್ರು ಇವನನ್ನು ಆಟಕ್ಕೆ ಸೇರಿಸಬೇಡಿ ಅನ್ನುತ್ತಾನೆ. ಸಾಂಟಾ ಕೂಡ ಮುಖ ಸಿಂಡರಿಸುತ್ತಾನೆ. ಮೂಗು ಕೆಲಸಕ್ಕೆ ಬರುವ ಮೊದಲೇ ಅಪ್ಪ ಕ್ಷಮೆ ಕೇಳುತ್ತಾನೆ, ಅದನ್ನು ಮರೆಯಬಾರದು. ಆದರೆ ಊರೆಲ್ಲ ಸೇರಿ ಅವನನ್ನು ಮೆರೆಸುವುದು ಮಂಜು ಕವಿದಾಗ ಸಾಂಟಾನ ಗಾಡಿಗೆ ದಾರಿ ತೋರಿಸಲು ಆ ಮೂಗು ಕೆಲಸಕ್ಕೆ ಬಂದ ಮೇಲೇ. ಮಂಜು ಕವಿಯದೇ ಹೋಗಿದ್ದರೆ? ನಾಲ್ಕನೇ ಸ್ಥಾನಕ್ಕೆ ಇಳಿಸಿದ್ದು ಈ ಪ್ರಶ್ನೆ.

ಅದಕ್ಕಿಂತ ಕೆಳಗೆ ಇಳಿಯದಂತೆ ಹಿಡಿದಿಟ್ಟದ್ದು ಬೇಡವಾದ ಆಟಿಕೆಗಳ ದ್ವೀಪ. ಚೌಕದ ಚಕ್ರದ ರೈಲು ಡಬ್ಬಿ, ಚುಕ್ಕೆ ಚುಕ್ಕೆ ಆನೆ, ನೀರಿನ ಬದಲು ಜೆಲ್ಲಿ ಉಗುಳುವ ಪಿಸ್ತೂಲು, ಹಾರಲು ಬಾರದ, ಈಜುವ ಹಕ್ಕಿ. ಒಂದು ಗೊಂಬೆಯೂ ಇದೆ. ಅವಳಿಗೇನು ಕೊರತೆ ಅಂತ ಚಿತ್ರ ಹೇಳುವುದೇ ಇಲ್ಲ. ಇವಕ್ಕೆಲ್ಲ ಮನೆ ಹುಡುಕಿಸುತ್ತೇನೆ ಅಂತ ರುಡಾಲ್ಫ್ ಮಾತು ಕೊಡುತ್ತಾನೆ. 1964ರ ಮೊದಲ ಪ್ರಸಾರದಲ್ಲಿ ಚಿತ್ರ ಮುಗಿದೇ ಹೋಯಿತು, ಅವನ್ನು ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ! ನೋಡಿದವರು ಸುಮ್ಮನಿರಲಿಲ್ಲ. ಆಟಿಕೆಗಳ ಗತಿ ಏನಾಯಿತು ಅಂತ ಪತ್ರ ಬರೆದರು. ಮುಂದಿನ ವರ್ಷ ಹೊಸ ದೃಶ್ಯ ಚಿತ್ರೀಕರಿಸಿ, ಬೇರೆ ತುಣುಕು ಕತ್ತರಿಸಿ ಜಾಗ ಮಾಡಿದರು. ಈಗ ನಿಮ್ಮ ಮಗಳು ನೋಡುವ ಚಿತ್ರದಲ್ಲಿ ಸಾಂಟಾ ದ್ವೀಪಕ್ಕೆ ಇಳಿದು ಅವನ್ನು ಹತ್ತಿಸಿಕೊಳ್ಳುತ್ತಾನಲ್ಲ, ಅದು ಓದುಗರ ಪತ್ರದ ಫಲ ಅನ್ನಿ. ಮಕ್ಕಳಿಗೆ ಆ ಬೇಜಾರು ತಡೆಯಲಾಗಲಿಲ್ಲ, ಅವರೇ ಕೇಳಿ ಸರಿಮಾಡಿಸಿಕೊಂಡರು. ಚಿತ್ರ ತಾನಾಗಿ ಕೊಟ್ಟ ಚಾಕಲೇಟ್ ಅಲ್ಲ ಅದು. ನನ್ನ ಅಳತೆಗೋಲು ಇಲ್ಲಿ ಸ್ವಲ್ಪ ತಡವರಿಸುತ್ತದೆ, ನಿಜ.

ಉಳಿದ ಎರಡರ ಬಗ್ಗೆ ಹೆಚ್ಚು ಬೇಡ. ರಿಚರ್ಡ್ ವಿಲಿಯಮ್ಸ್ ಅವರ 1971ರ ‘ಕ್ಯಾರಲ್’ ಚಿತ್ರಗಾರಿಕೆಯಲ್ಲಿ ಎಲ್ಲಕ್ಕಿಂತ ಮೇಲು. ಟೀವಿಗೆ ಮಾಡಿದ್ದನ್ನು ಆಮೇಲೆ ಥಿಯೇಟರಿಗೂ ತಂದು ಆಸ್ಕರ್ ಗೆದ್ದರು. ಅದಾದ ಮೇಲೆ ಅಕಾಡೆಮಿಯವರು ಟೀವಿಯಲ್ಲಿ ಮೊದಲು ಬಂದ ಚಿತ್ರಗಳಿಗೆ ಬಾಗಿಲು ಹಾಕಿದರು. ಆದರೆ ಮಾರ್ಲಿ ಎಂಬ ಪಾತ್ರದ ದೆವ್ವದ ದವಡೆ ಕಳಚಿಬೀಳುವುದನ್ನು ಆರು ವರ್ಷದ ಮಗುವಿಗೆ ದಯವಿಟ್ಟು ತೋರಿಸಬೇಡಿ, ಮುಂದಿನ ಪತ್ರ ಇನ್ನೂ ಖಾರವಾಗಿ ಬರುತ್ತದೆ. 1974ರ ‘ಇಯರ್ ವಿದೌಟ್’ ಪಟ್ಟಿಯಲ್ಲಿರುವುದು ಬಿಸಿಲಿನವನೊಬ್ಬ, ಹಿಮದವನೊಬ್ಬ, ಹೀಗೆ ಜಗಳಗಂಟ ಅಣ್ಣತಮ್ಮಂದಿರಿಬ್ಬರು ಕುಣಿಯುವ ಎರಡು ಹಾಡಿಗಾಗಿ. ಅವು ಬರುವವರೆಗೆ ಬೇಕಾದರೆ ಕಾಫಿ ಮಾಡಿಕೊಂಡು ಬನ್ನಿ.

ಎಲ್ಲಿ ಸಿಗುತ್ತವೆ ಅಂತ ಕೇಳಿದ್ದೀರಿ. ‘ಚಾರ್ಲಿ ಬ್ರೌನ್’ 2020ರಿಂದ ಆ್ಯಪಲ್ ಟೀವಿಯಲ್ಲಿದೆ. ‘ರುಡಾಲ್ಫ್’ ಹಲವು ದಶಕ ಸಿಬಿಎಸ್‌ನಲ್ಲಿದ್ದು, 2024ರಲ್ಲಿ ಎನ್‌ಬಿಸಿಗೆ ಮರಳಿತು. ಡಿಸೆಂಬರ್ ಬಂದಾಗ ಪ್ರಸಾರದ ದಿನ ನೋಡಿಕೊಳ್ಳಿ. ‘ಸ್ನೋಮ್ಯಾನ್’ ಡಿವಿಡಿಯನ್ನು ನಿಮ್ಮ ಊರಿನ ಪಬ್ಲಿಕ್ ಲೈಬ್ರರಿಯಲ್ಲಿ ಕೇಳಿ. ಒಂದು ಎಚ್ಚರಿಕೆ: ಅದಕ್ಕೆ ಬೇರೆ ಬೇರೆ ಆರಂಭಗಳಿವೆ. ಒಂದರಲ್ಲಿ ಬ್ರಿಗ್ಸ್ ಹೊಲದಲ್ಲಿ ನಡೆಯುತ್ತಾ ಆ ಚಳಿಗಾಲದ ಭಾರೀ ಹಿಮ ನೆನೆಸಿಕೊಳ್ಳುತ್ತಾರೆ. ಅಮೆರಿಕದವರಿಗಾಗಿ ಮಾಡಿದ ಇನ್ನೊಂದರಲ್ಲಿ ಗಾಯಕ ಡೇವಿಡ್ ಬೋವಿ ದೊಡ್ಡವನಾದ ಆ ಹುಡುಗನಾಗಿ ಬಂದು, ಡ್ರಾಯರ್‌ನಿಂದ ಮಫ್ಲರ್ ತೆಗೆದು ತೋರಿಸಿಬಿಡುತ್ತಾನೆ. ಬ್ರಿಗ್ಸ್ ಇರುವುದನ್ನೇ ಹುಡುಕಿ. ಮಫ್ಲರ್ ಜೇಬಿನಲ್ಲಿದೆ ಅಂತ ಮಗುವಿಗೆ ಮೊದಲೇ ಗೊತ್ತಾಗುವುದು ಬೇಡ.