1 ಕೆಜಿ ಲ್ಯಾಂಥನಮ್-ನಿಕಲ್ ಡಬ್ಬಿಗೆ 3 ಗ್ರಾಂ ಹೈಡ್ರೋಜನ್ ಹೋಗಿ ನಿಂತುಬಿಡುತ್ತದೆ, ಪುಡಿ ಕೆಟ್ಟಿದೆಯಾ?

ಹಾಸನದ ಲ್ಯಾಬಿನಲ್ಲಿ ಒಂದು ಕಿಲೋ ತೂಕದ ಸ್ಟೀಲ್ ಡಬ್ಬಿ, ಅದರೊಳಗೆ ಹೈಡ್ರೋಜನ್ ಹೀರಿ ಹಿಡಿದಿಡುವ ಒಂದು ಕಿಲೋ ಲ್ಯಾಂಥನಮ್-ನಿಕಲ್ ಪುಡಿ, 10 ಬಾರ್ ಒತ್ತಡದಲ್ಲಿ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ಸಮುದ್ರಮಟ್ಟದ ಗಾಳಿಯ ಒತ್ತಡ) ಅನಿಲ ಬಿಟ್ಟರೆ 3 ಗ್ರಾಂಗೆ ನಿಲ್ಲುತ್ತದೆ. ಬೆಳಗಿನ ಹೊತ್ತು ಈ ಹೈಡ್ರೋಜನ್ನಿನಿಂದ ವಿದ್ಯುತ್ ಮಾಡುವ 100 ವ್ಯಾಟ್ ಫ್ಯೂಯೆಲ್ ಸೆಲ್ ಎರಡು ನಿಮಿಷಕ್ಕೇ ಕುಸಿಯುತ್ತದೆ ಅಂತ ಬರೆದಿದ್ದೀರಿ. ಪುಡಿ ಬಹುಶಃ ಚೆನ್ನಾಗಿಯೇ ಇದೆ. ಎರಡೂ ತೊಂದರೆಗೆ ಮೂಲ ಶಾಖ.

ಲೆಕ್ಕ ಹಾಕಿ ನೋಡಿ. ಈ ಮಿಶ್ರಲೋಹ ತನ್ನ ತೂಕದ ಸುಮಾರು 1.4% ಹೈಡ್ರೋಜನ್ ಹಿಡಿಯುತ್ತದೆ, ಅಂದರೆ 14 ಗ್ರಾಂ, 7 ಮೋಲ್. ಪ್ರತಿ ಮೋಲ್ ಒಳಗೆ ಹೋಗುವಾಗ 31 ಕಿಲೋಜೌಲ್ ಶಾಖ ಹೊರಬರುತ್ತದೆ. ಒಟ್ಟು ಸುಮಾರು 215. ಆದರೆ ಪುಡಿ, ಸ್ಟೀಲ್ ಎರಡನ್ನೂ 25ರಿಂದ 70 ಡಿಗ್ರಿಗೆ ಏರಿಸಲು 40 ಕಿಲೋಜೌಲ್ ಸಾಕು. 70 ಡಿಗ್ರಿಯಲ್ಲಿ ಲೋಹದ ಸಮತೋಲನ ಒತ್ತಡವೇ (ಹಿಡಿದ ಅನಿಲ ಒಳಗಿನಿಂದ ತಿರುಗಿ ತಳ್ಳುವ ಒತ್ತಡ) 10 ಬಾರ್ ಹತ್ತಿರ ಬಂದುಬಿಡುತ್ತದೆ, ಮತ್ತೆ ಅನಿಲ ಯಾಕೆ ಒಳಗೆ ಹೋಗುತ್ತದೆ? ಐದನೇ ಒಂದು ಪಾಲು ತುಂಬಿ ನಿಲ್ಲುತ್ತದೆ. ನಿಮ್ಮ 3 ಗ್ರಾಂ ಅದೇ.

ಡಬ್ಬಿಯನ್ನು 15 ಲೀಟರ್ ಬಕೆಟ್ ನೀರಿನಲ್ಲಿ ಮುಳುಗಿಸಿ ತುಂಬಿಸಿ. ಪೂರ್ತಿ ತುಂಬಿದರೂ ನೀರು ಮೂರೂವರೆ ಡಿಗ್ರಿ ಮಾತ್ರ ಏರುತ್ತದೆ. ಆದರೂ ತುಂಬುವುದು ನಿಧಾನವಾದರೆ ಡಬ್ಬಿಯ ಅಗಲ ಹೆಚ್ಚಾಯಿತು ಅಂತ ಅರ್ಥ: ಪುಡಿ ಶಾಖವನ್ನು ಬಹಳ ಕೆಟ್ಟದಾಗಿ ಸಾಗಿಸುತ್ತದೆ, ಒಂದು ಅಗಲ ಡಬ್ಬಿಗಿಂತ 25 ಮಿಮೀ ವ್ಯಾಸದ ಮೂರ್ನಾಲ್ಕು ಟ್ಯೂಬ್ ಮೇಲು. ಶಾಖವನ್ನು ಚೆನ್ನಾಗಿ ಸಾಗಿಸುವ ಹಿಗ್ಗಿಸಿದ ಗ್ರಾಫೈಟ್ 5ರಿಂದ 10% ಬೆರೆಸಿದರೆ ಇನ್ನೂ ಒಳ್ಳೆಯದು.

ಬೆಳಗಿನ ಕಥೆ ಇದರ ತಿರುಗುಮುರುಗು. 25 ಡಿಗ್ರಿಯಲ್ಲಿ ಲೋಹ ಅನಿಲವನ್ನು ಹೊರಬಿಡುವ ಒತ್ತಡ ಸುಮಾರು 1.7 ಬಾರ್, ಜನವರಿಯ 15 ಡಿಗ್ರಿಯಲ್ಲಿ 1.1ರ ಆಸುಪಾಸು. ನಿಮ್ಮ ಎತ್ತರದಲ್ಲಿ ಗಾಳಿಯ ಒತ್ತಡ 0.9, ಉಳಿದದ್ದು ಎಷ್ಟು? ಅನಿಲ ಹೊರಬರುವಾಗ ಡಬ್ಬಿ ಇನ್ನೂ ತಣ್ಣಗಾಗುತ್ತದೆ, ಅಲ್ಲಿಗೆ ಮುಗಿಯಿತು. 100 ವ್ಯಾಟ್ ಸೆಲ್‌ಗೆ ಡಬ್ಬಿ ಕೇಳುವ ಶಾಖ 25 ವ್ಯಾಟ್ ಅಷ್ಟೇ, ಸೆಲ್ ಸುಮ್ಮನೆ ಚೆಲ್ಲುವುದು 100 ವ್ಯಾಟ್. ಅದರ ಫ್ಯಾನಿನ ಬಿಸಿಗಾಳಿಯನ್ನು ಡಬ್ಬಿಯ ಮೇಲೆ ತಿರುಗಿಸಿ. ಶುರುವಿಗೆ 40 ಡಿಗ್ರಿ ನೀರು ಸಾಕು, ಒತ್ತಡ 3 ಬಾರ್ ದಾಟುತ್ತದೆ. ಕುದಿನೀರು ಬೇಡವೇ ಬೇಡ.

ಹೈಡ್ರೋಜನ್ ಹಿಡಿದ ಲೋಹ ಸುಮಾರು 25% ಊದುತ್ತದೆ, ಸೈಕಲ್ ಆಗುತ್ತಾ (ಪದೇಪದೇ ತುಂಬಿ ಖಾಲಿಯಾಗುತ್ತಾ) ಮೈಕ್ರಾನ್ ಗಾತ್ರದ ಹಿಟ್ಟಾಗಿ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಡಬ್ಬಿಯನ್ನು ನಿಲ್ಲಿಸಿ ಇಟ್ಟರೆ ತಳದ ಗೋಡೆ ಉಬ್ಬುತ್ತದೆ, ಮಲಗಿಸಿ ಇಡಿ. ಕಿಲೋ ಲೋಹ ಪುಡಿಯಾಗದೆ ಗಟ್ಟಿ ಗಡ್ಡೆಯಾಗಿದ್ದರೂ 120 ಎಂಎಲ್ ಜಾಗ ಬೇಕು, ಪುಡಿಗೂ ಊತಕ್ಕೂ ಇನ್ನೂ ಹೆಚ್ಚು. ಒಳಗಿನ ಜಾಗ 250 ಎಂಎಲ್‌ಗಿಂತ ಕಡಿಮೆ ಇರಬಾರದು. ಬಾಯಿಗೆ 0.5 ಮೈಕ್ರಾನ್ ಸಿಂಟರ್ಡ್ ಫಿಲ್ಟರ್ (ಲೋಹದ ಪುಡಿ ಬೆಸೆದು ಮಾಡಿದ ಸೋಸುಕ) ಹಾಕದಿದ್ದರೆ ಹಿಟ್ಟು ವಾಲ್ವಿನ ಸೀಟಿಗೆ ಹೋಗಿ ಸೋರಿಕೆ ಶುರು. ಅಡುಗೆ ಗ್ಯಾಸಿನ ರೆಗ್ಯುಲೇಟರ್, ರಬ್ಬರ್ ಪೈಪ್ ಹತ್ತಿರವೂ ಬೇಡ. ಒತ್ತಡ ಮಿತಿಮೀರಿದರೆ ತಾನೇ ತೆರೆಯುವ ರಿಲೀಫ್ ವಾಲ್ವ್ ಕಡ್ಡಾಯ.

(ಮೆಗ್ನೀಸಿಯಮ್ 7.6% ಹಿಡಿಯುತ್ತದಲ್ಲ ಅಂತ ಕೇಳಿದ್ದೀರಿ. ಹಿಡಿಯುತ್ತದೆ, ಬಿಡಲು 300 ಡಿಗ್ರಿ ಕೇಳುತ್ತದೆ. ಈ ಪ್ರಾಜೆಕ್ಟಿಗೆ ಅಲ್ಲ.)

ನೀರಿನಲ್ಲಿ ತಂಪಾಗಿಸಿ ಅರ್ಧ ಗಂಟೆ ಕೊಟ್ಟರೂ 10 ಗ್ರಾಂ ದಾಟದಿದ್ದರೆ ಆಗ ಪುಡಿಯನ್ನು ಅನುಮಾನಿಸಿ. ಎಲೆಕ್ಟ್ರೋಲೈಸರಿನಿಂದ (ವಿದ್ಯುತ್ತಿನಿಂದ ನೀರು ಒಡೆದು ಹೈಡ್ರೋಜನ್ ಮಾಡುವ ಯಂತ್ರ) ನೇರ ತುಂಬಿದ್ದರೆ ತೇವ, ಆಮ್ಲಜನಕ ಸೇರಿರುತ್ತದೆ; ಮಧ್ಯೆ ಆಮ್ಲಜನಕ ತೆಗೆಯಲು ಡಿಆಕ್ಸೊ ಕ್ಯಾಟಲಿಸ್ಟ್, ಅದರ ನಂತರ ತೇವ ಹೀರಲು ಮಾಲಿಕ್ಯುಲರ್ ಸೀವ್ ಹಾಕಿ. 80 ಡಿಗ್ರಿಯಲ್ಲಿ ಒಂದೆರಡು ಗಂಟೆ ವ್ಯಾಕ್ಯೂಮ್ ಎಳೆದು, ತಣಿಸಿ, ಶುದ್ಧ ಹೈಡ್ರೋಜನ್ನಿನಲ್ಲಿ ಐದಾರು ಸಲ ತುಂಬಿ ಖಾಲಿ ಮಾಡಿ. ನೋಡೋಣ ಅಂತ ಮುಚ್ಚಳ ಮಾತ್ರ ಬಿಚ್ಚಬೇಡಿ, ಸೈಕಲ್ ಆದ ಪುಡಿ ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳಬಹುದು.