ಬೆಲ್ಟ್, ಬಾಚಣಿಗೆ, ಉಗುರು: ಸಣ್ಣ ನಾಯಿಮರಿಗೆ ರೂಢಿ ಮಾಡಿಸುವುದು ಹೇಗೆ?

ಪ್ರಶ್ನೆ: ಎರಡು ತಿಂಗಳ ಪೊಮೇರಿಯನ್ ಮರಿ ತಂದಿದ್ದೇವೆ. ಬೆಲ್ಟ್ ಹಾಕಿದರೆ ಕೂತಲ್ಲೇ ಕೂತು ಕತ್ತು ಕೆರೆದುಕೊಳ್ಳುತ್ತದೆ. ಸರಪಳಿ ಎಳೆದರೆ ಕೆಮ್ಮು. ಬಾಚಣಿಗೆ ಕಂಡರೆ ಕಚ್ಚಲು ಬರುತ್ತದೆ, ಇಬ್ಬರು ಹಿಡಿದರೂ ಉಗುರು ಕತ್ತರಿಸಲು ಆಗುತ್ತಿಲ್ಲ.
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಮೊದಲು ಆ ಸರಪಳಿ ತೆಗೆದಿಡಿ. ಪೊಮೇರಿಯನ್‌ನಂಥ ಸಣ್ಣ ತಳಿಗಳಲ್ಲಿ ಶ್ವಾಸನಾಳದ ಉಂಗುರಗಳು ಸಡಿಲವಾಗಿ ನಾಳ ಕುಸಿಯುವ ತೊಂದರೆ ಹೆಚ್ಚು. ಕತ್ತಿಗೆ ಎಳೆತ ಬಿದ್ದಷ್ಟೂ ಕೆಮ್ಮು ಜೋರಾಗುತ್ತದೆ. ಎಳೆಯದೆ ಇದ್ದಾಗಲೂ ಕೆಮ್ಮಿದರೆ ಪಶುವೈದ್ಯರಿಗೆ ತೋರಿಸಿ. ಕತ್ತಿನ ಬೆಲ್ಟ್, ಹೆಸರಿನ ಬಿಲ್ಲೆ ತೂಗುಹಾಕಲು ಮಾತ್ರ ಇರಲಿ, ನಡೆಸುವ ಹಗ್ಗವನ್ನು ಎದೆಗೆ ಹಾಕುವ ಹಾರ್ನೆಸ್‌ಗೆ ಕಟ್ಟಿ.

ಒಂದು ಸೆಂಟಿಮೀಟರ್ ಅಗಲದ ಹಗುರ ನೈಲಾನ್ ಬೆಲ್ಟ್ ಸಾಕು, ಗೆಜ್ಜೆ ಬೇಡ. ಒಳಗೆ ನಿಮ್ಮ ಕಿರುಬೆರಳು ಸಲೀಸಾಗಿ ಹೋಗಬೇಕು. ಅದಕ್ಕಿಂತ ಸಡಿಲವಾದರೆ ಕೆಳದವಡೆ ಸಿಕ್ಕಿಕೊಳ್ಳುತ್ತದೆ. ಮರಿ ದಿನದಿನಕ್ಕೂ ಬೆಳೆಯುತ್ತದೆ, ಬಿಗಿಯಾದದ್ದು ಕೂದಲ ಮರೆಯಲ್ಲಿ ಕಾಣುವುದಿಲ್ಲ. ಮೂರು ದಿನಕ್ಕೊಮ್ಮೆ ಬೆರಳು ಹಾಕಿ ನೋಡಿ. ತಟ್ಟೆ ಇಡುವ ಮುಂಚೆ ಬೆಲ್ಟ್ ಹಾಕಿ, ಊಟ ಮುಗಿದ ಮೇಲೆ ಬಿಚ್ಚಿ. ಕೆರೆಯುತ್ತಿರುವಾಗ ಬಿಚ್ಚಬೇಡಿ, ಕೆರೆದರೆ ಬಿಚ್ಚುತ್ತಾರೆ ಎಂದು ಕಲಿತುಬಿಡುತ್ತದೆ. ಮರಿಯೊಂದನ್ನೇ ಬಿಟ್ಟು ಹೋಗುವಾಗ ಮಾತ್ರ ಬೆಲ್ಟ್ ಇರಬಾರದು, ಗೇಟಿನ ಸರಳಿಗೆ ತಗಲಿಕೊಳ್ಳಬಹುದು.

ಇನ್ನು ಮೈ ಮುಟ್ಟಿಸಿಕೊಳ್ಳುವುದು. ಇಲ್ಲಿ ಬಹಳ ಜನ ತಪ್ಪುವುದು ಕ್ರಮದಲ್ಲಿ. ತಿಂಡಿ ತೋರಿಸಿ, ಅದು ತಿನ್ನುವಾಗ ಕಾಲು ಹಿಡಿಯುತ್ತಾರೆ. ನಾಲ್ಕು ದಿನ ಹೀಗೆ ಮಾಡಿದರೆ ತಿಂಡಿ ಕಂಡರೇ ಮರಿ ಓಡುತ್ತದೆ. ಮೊದಲು ಮುಟ್ಟಬೇಕು, ಆಮೇಲೆ ಕೊಡಬೇಕು. ಹೆಬ್ಬೆರಳನ್ನು ಪಾದದ ಮೆತ್ತೆಯ ಮೇಲೂ ತೋರುಬೆರಳನ್ನು ಮೇಲ್ಗಡೆಯೂ ಇಟ್ಟು ಮೆಲ್ಲಗೆ ಒತ್ತಿ. ಉಗುರು ಮುಂದಕ್ಕೆ ಬರುತ್ತದೆ. ಒಂದು ಎಣಿಸಿ ಬಿಟ್ಟು, ಬೇಯಿಸಿದ ಕೋಳಿಯದೋ ಪನೀರಿನದೋ ಕಡಲೆಬೇಳೆ ಗಾತ್ರದ ಚೂರು ಕೊಡಿ. ಒಣದ್ರಾಕ್ಷಿ ಬೇಡವೇ ಬೇಡ, ನಾಯಿಯ ಮೂತ್ರಪಿಂಡ ಕೆಡಿಸುತ್ತದೆ. ದಿನಕ್ಕೆ ಎರಡು ಸಲ, ಸಲಕ್ಕೆ ಎರಡೇ ನಿಮಿಷ. ಒದ್ದಾಡಲು ಶುರುಮಾಡುವ ಮೊದಲೇ ನಿಲ್ಲಿಸಿ. ಇಬ್ಬರು ಸೇರಿ ಅಮುಕಿ ಹಿಡಿದದ್ದೇ ನಿಮ್ಮ ಮರಿ ಕಚ್ಚಲು ಕಲಿಯುವುದಕ್ಕೆ ಕಾರಣ ಇದ್ದೀತು.

ಬಾಚಣಿಗೆಯೂ ಹಾಗೆಯೇ. ಮೊದಲೆರಡು ದಿನ ಅದರ ಹಿಂಬದಿಯಿಂದ ಬೆನ್ನು ಸವರಿ. ಆಮೇಲೆ ಕೂದಲನ್ನು ಒಂದು ಕೈಯಲ್ಲಿ ಮೇಲಕ್ಕೆತ್ತಿ, ಕೆಳಗಿನಿಂದ ಸ್ವಲ್ಪ ಸ್ವಲ್ಪವೇ ಇಳಿಬಿಡುತ್ತಾ ಬುಡದಿಂದ ಬಾಚಿ. ಗಂಟು ಕಟ್ಟುವುದು ಕಿವಿಯ ಹಿಂದೆ, ಮುಂಗಾಲಿನ ಕಂಕುಳಲ್ಲಿ. ಗಂಟಿನ ಬುಡವನ್ನು ಬೆರಳಲ್ಲಿ ಹಿಡಿದು ತುದಿಯಿಂದ ಬಿಡಿಸಿ. ಕತ್ತರಿ ಹಾಕಬೇಡಿ, ಗಂಟಿನ ಜೊತೆಗೆ ಚರ್ಮವೂ ಮೇಲೆದ್ದಿರುತ್ತದೆ.

ಉಗುರಿನ ಒಳಗೆ ರಕ್ತನಾಳವಿದೆ. ಬಿಳಿ ಉಗುರಲ್ಲಿ ಗುಲಾಬಿಯಾಗಿ ಕಾಣುತ್ತದೆ, ಕಪ್ಪಿನಲ್ಲಿ ಕಾಣುವುದಿಲ್ಲ. ಅದಕ್ಕೇ ತುದಿಯ ಕೊಕ್ಕೆಯನ್ನಷ್ಟೇ, ಒಂದೊಂದು ಮಿಲಿಮೀಟರ್ ತೆಗೆಯಿರಿ. ಉಗುರಿನ ಕತ್ತರಿಸಿದ ತುದಿಯ ನಡುವೆ ಕಪ್ಪು ಚುಕ್ಕೆ ಕಂಡರೆ ಅಲ್ಲಿಗೇ ಸಾಕು. ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ. ದಿನಕ್ಕೊಂದೇ ಉಗುರು ಕತ್ತರಿಸಿದರೂ ನಷ್ಟವಿಲ್ಲ.

ಪ್ರಶ್ನೆ: ಬೇಸಿಗೆಗೆ ನಮ್ಮ ಬಿಳಿ ಸ್ಪಿಟ್ಜ್ ಮರಿಯ ಕೂದಲು ಪೂರ್ತಿ ಬೋಳಿಸಬಹುದೇ? ಗದ್ದೆ ಕಡೆ ಹೋಗಿ ಬಂದರೆ ಉಣ್ಣಿ ಕಾಟ ಬೇರೆ.
– ಓದುಗರು, ಮಂಡ್ಯ

ಉತ್ತರ: ಬೋಳಿಸಬೇಡಿ. ಸ್ಪಿಟ್ಜ್‌ಗೆ ಮೇಲ್ಗೂದಲು, ಒಳಗೂದಲು ಎಂದು ಎರಡು ಪದರ. ಬೋಳಿಸಿದ ಮೇಲೆ ಕೆಲವಕ್ಕೆ ತಿಂಗಳುಗಟ್ಟಲೆ ಕೂದಲು ಸರಿಯಾಗಿ ಬರುವುದಿಲ್ಲ, ಬಿಸಿಲು ನೇರ ಚರ್ಮಕ್ಕೆ ತಾಗುತ್ತದೆ. ಉದುರಿದ ಒಳಗೂದಲನ್ನು ಬಾಚಿ ತೆಗೆದರೆ ಗಾಳಿಯಾಡುತ್ತದೆ. ಸ್ನಾನಕ್ಕೆ ಮುಂಚೆ ಬಾಚಿ, ನೆಂದರೆ ಗಂಟು ಬಿಗಿಯುತ್ತದೆ. ಮೂರು ನಾಲ್ಕು ವಾರಕ್ಕೊಂದು ಸ್ನಾನ ಸಾಕು, ನಾಯಿಯ ಶಾಂಪೂ ಬಳಸಿ. ಬುಡದವರೆಗೂ ಒಣಗಿಸಿ.

ಕಬ್ಬಿನ ಗದ್ದೆಯ ಬದುವಿನಿಂದ ಬಂದ ದಿನ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಬೆಲ್ಟಿನ ಅಡಿಯಲ್ಲಿ ಹುಡುಕಿ. ಉಣ್ಣಿಯನ್ನು ಚಿಮುಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಸುರಿಯಬೇಡಿ, ಚರ್ಮ ಸುಡುತ್ತದೆ. ಮೈಗೆ ಹಾಕುವ ಉಣ್ಣಿ ಔಷಧಿಯನ್ನು ಮರಿಯ ತೂಕ ನೋಡಿಸಿ ವೈದ್ಯರಿಂದಲೇ ಬರೆಸಿಕೊಳ್ಳಿ. ದೊಡ್ಡ ನಾಯಿಯ ಪ್ರಮಾಣ ಮರಿಗೆ ವಿಷವಾದೀತು.